ಹಳೆಯ ಗಾಡಿಯ ಲಕ್ಷಣಪರೀಕ್ಷೆ
(ಬಾನುಲಿ ಭಾಷಣ)



ಮಹಾಭಾರತದ ನಳೋಪಾಖ್ಯಾನದಲ್ಲಿ ಕುದುರೆಗಳನ್ನು ಆರಿಸುವ ಒಂದು ಸೊಗಸಾದ ಪ್ರಸಂಗವಿದೆ. ರಾಜ್ಯವನ್ನೂ ರೂಪವನ್ನೂ ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣ ರಾಜನಲ್ಲಿ ಸಾರಥಿಯಾಗಿದ್ದಾನೆ. ದಮಯಂತಿಯ ಎರಡನೆಯ ಸ್ವಯಂವರದ ವಾರ್ತೆ ಬಂದಿದೆ. ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಬೇಕಾಗಿದೆ. ಲಾಯಕ್ಕೆ ಹೋದ ಬಾಹುಕನು ಮೈತುಂಬಿದ ಕುದುರೆಗಳನ್ನು ಬಿಟ್ಟು, ಬಡಕಲು ಮೈಯ ಕುದುರೆಗಳನ್ನು ಹಿಡಿದು ತರುತ್ತಾನೆ. ಅರಸನಿಗೆ ಇದು ಅಪಹಾಸ್ಯದಂತೆ ತೋರುತ್ತದೆ. ಬಾಹುಕನು ಅವುಗಳ ಲಕ್ಷಣಗಳನ್ನು ವಿವರಿಸಿ, ಇವೇ ನಮ್ಮನ್ನು ಮುಟ್ಟಿಸುವವು ಎನ್ನುತ್ತಾನೆ. ರಥವು ಓಡುತ್ತಿರುವಾಗ ಅರಸನ ಉತ್ತರೀಯವು ಜಾರಿ ಬೀಳುತ್ತದೆ. ನಿಲ್ಲಿಸೆಂದರೆ, ಅದು ಆಗಲೇ ಒಂದು ಯೋಜನ ಹಿಂದೆ ಉಳಿಯಿತೆಂದು ಸಾರಥಿ ಉತ್ತರಿಸುತ್ತಾನೆ.

ಮನೆಮಂದಿಗೆಲ್ಲ ಒದಗುವ, ನಡೆಸುವವರಿಗೆ ಸಂತೋಷವನ್ನೂ ಕೊಡುವ, ಬೇರೊಬ್ಬರು ಬಳಸಿ ಬಿಟ್ಟ ಕಾರೊಂದನ್ನು ಆರಿಸುವುದು ಹೇಗೆ ಎಂಬುದು ಇಂದಿನ ವಿಷಯ. ಇದರ ತಿರುಳೆಲ್ಲ ಆ ಪ್ರಸಂಗದಲ್ಲಿಯೇ ಅಡಗಿದೆ ಎಂದು ನನಗೆ ತೋರುತ್ತದೆ. ಹೊಳಪನ್ನು ನೋಡಿ ಮರುಳಾಗುವವನು ಋತುಪರ್ಣ. ಲಕ್ಷಣವನ್ನು ನೋಡಿ ಆರಿಸುವವನು ನಳ. ನಮ್ಮ ಮುಧೋಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕೆಲುಬು ಎಣಿಸುವಂತಿರುವ ಮುಧೋಳದ ಬೇಟೆನಾಯಿ ಓಟಕ್ಕೆ ನಿಂತಾಗ ಏನಾಗುತ್ತದೆಂಬುದನ್ನು ಅವರು ತಲೆತಲಾಂತರದಿಂದ ಕಂಡಿದ್ದಾರೆ.

ಮೊದಲು ನಮ್ಮ ನೆಲದ ಮಾತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ — ಇವು ಕೃಷ್ಣೆ ಮತ್ತು ಘಟಪ್ರಭೆಯರ ಸೀಮೆ. ಎರೆಮಣ್ಣು, ಕಬ್ಬು, ಮಗ್ಗ. ದೊಡ್ಡ ಕಾಯಿಲೆ ಬಂದರೆ ಬಾಗಲಕೋಟೆ, ಬೆಳಗಾವಿ, ಇಲ್ಲವೇ ಮಿರಜ. ಮದುವೆ-ಮುಂಜಿಗಳ ಬಳಗ ಗಡಿಯ ಎರಡೂ ಕಡೆಗೆ ಹರಡಿದೆ. ಇಲ್ಲಿಯ ಮನೆಗೆ ಕಾರು ಬರುವುದು ಬಹುಮಟ್ಟಿಗೆ ವೈಭವಕ್ಕಾಗಿಯಲ್ಲ. ನಡುರಾತ್ರಿಯಲ್ಲಿ ಎದೆ ಹಿಡಿದುಕೊಂಡ ಹಿರಿಯರನ್ನು ಮಿರಜೆಗೆ ಒಯ್ಯಬೇಕಾದಾಗ ಅಂಗಳದಲ್ಲಿ ನಿಂತ ಗಾಡಿ ಒಂದೇ ತಿರುವಿಗೆ ಹೊತ್ತಿಕೊಳ್ಳುವುದೋ ಇಲ್ಲವೋ ಎಂಬುದು ಜೀವದ ಪ್ರಶ್ನೆ. ಅದೂ ಕಬ್ಬಿನ ಹಂಗಾಮಿನಲ್ಲಿ! ಹಿಂದೆ ದೀಪವಿಲ್ಲದ ಜೋಡು ಟ್ರೇಲರುಗಳನ್ನು ಎಳೆಯುತ್ತ ಟ್ರ್ಯಾಕ್ಟರು ಕತ್ತಲಿನಲ್ಲಿ ಸಾಗುತ್ತಿರುತ್ತದೆ. ಅದರ ಮೈಯಿಂದ ಹೊರಚಾಚಿದ ಕಬ್ಬು ಎದುರಿನ ಗಾಜಿಗೆ ಬಂದು ತಾಗುವವರೆಗೆ ಕಾಣಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಬೇಕಾಗುವ ಗುಣಗಳಾವುವು? ತುಳಿದೊಡನೆ ನಿಲ್ಲುವ ಬ್ರೇಕು, ತಿರುವಿದಷ್ಟೇ ತಿರುಗುವ ಸ್ಟೀರಿಂಗು, ಕೇಳಿದೊಡನೆ ಎಳೆಯುವ ಎಂಜಿನ್ನು.

ಈ ಮೂರು ಗುಣಗಳನ್ನೇ ನಾನು ನಡೆಸುವ ಸುಖವೆಂದು ಕರೆಯುತ್ತೇನೆ. ಸುಖವೆಂದರೆ ವೇಗವೆಂದು ತಿಳಿಯುವುದು ಹರೆಯದ ಭ್ರಮೆ. ನಡೆಸುವವರ ಮನಸ್ಸು ಚಕ್ರಕ್ಕೆ ತಿಳಿಯಬೇಕು, ಚಕ್ರದ ಕೆಳಗಿನ ನೆಲ ಅವರ ಕೈಗೆ ತಿಳಿಯಬೇಕು. ಇಂಥ ಗಾಡಿ ಗಂಟೆಗೆ 40 ಕಿಲೋಮೀಟರಿನಲ್ಲಿಯೂ ಸಂತೋಷ ಕೊಡುತ್ತದೆ. ಇಲ್ಲದ್ದು 100ರಲ್ಲಿ ಭಯವನ್ನು ಮಾತ್ರ ಕೊಡುತ್ತದೆ. ಆದ್ದರಿಂದ ಉಪಯುಕ್ತತೆ ಬೇರೆ, ಸಂತೋಷ ಬೇರೆ ಎಂದು ಭಾಗ ಮಾಡಬೇಕಾಗಿಲ್ಲ. ಒಳ್ಳೆಯ ಗದ್ಯದಲ್ಲಿ ಅರ್ಥವೂ ಲಯವೂ ಬೇರೆಬೇರೆ ಇರುವುದಿಲ್ಲವಷ್ಟೆ.

ನಮ್ಮ ತಲೆಮಾರಿಗೆ ಆಯ್ಕೆಯೆಂಬುದೇ ಇರಲಿಲ್ಲ. ಒಂದು ಕಡೆ 1950ರ ದಶಕದ ಕೊನೆಯಲ್ಲಿ ಬಂದು 2014ರವರೆಗೆ ತಯಾರಾದ ಅಂಬಾಸಡರ್. ಇನ್ನೊಂದು ಕಡೆ ಫಿಯೆಟ್ ಆಗಿ ಬಂದು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾದ ಗಾಡಿ. ಮೊದಲನೆಯದು ಜಮೀನುದಾರರ ಸೊಂಪಾದ ಎತ್ತು. ಎಂಟು ಜನರನ್ನು ತುಂಬಿದರೂ ಗೊಣಗುತ್ತಿರಲಿಲ್ಲ, ಆದರೆ ತಿರುವಿನಲ್ಲಿ ಸಾರಥಿಯ ತೋಳು ಸೋಲುತ್ತಿತ್ತು. ಎರಡನೆಯದು ಹಗುರ, ಅದರ ಗೇರಿನ ದಂಡ ಸ್ಟೀರಿಂಗಿನ ಕಂಬದಲ್ಲಿಯೇ ಇದ್ದುದರಿಂದ ಎರಡು ಬೆರಳಿನಲ್ಲಿ ಆಡಿಸಬಹುದಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಈ ಲೋಕವೇ ಬದಲಾಯಿತು. 796 ಸಿಸಿಯ ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್ನು ಹೆಚ್ಚು ಬಲಶಾಲಿಯೇನೂ ಅಲ್ಲ. ಮೈ ಹಗುರವಾದುದರಿಂದ ಗಾಡಿ ಚುರುಕಾಯಿತು. ಬಲವನ್ನು ತೂಕದಿಂದ ಭಾಗಿಸಿ ನೋಡಬೇಕೆಂಬ ಪಾಠವನ್ನು ಮಧ್ಯಮವರ್ಗದ ಮನೆಗಳು ಕಲಿತದ್ದು ಅಲ್ಲಿಯೇ.

ಈಗ ಹಳೆಯ ಗಾಡಿಗಳ ಪೇಟೆಯಲ್ಲಿ ಹೆಸರುಗಳಿಗೆ ಬರವಿಲ್ಲ. 2005ರಲ್ಲಿ ಬಂದ ಸ್ವಿಫ್ಟ್ ಹಗುರವಾದ ಮೈ, ಚುರುಕಾದ ಎಂಜಿನ್ನುಗಳಿಂದ ಮನೆಮಾತಾಗಿದೆ. ಅದನ್ನು ಬಲ್ಲ ಮಿಸ್ತ್ರಿ ಊರೂರಿಗೂ ಇದ್ದಾನೆ. ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊಗಳ ಸ್ಟೀರಿಂಗು ಬಲ್ಲವರ ಮೆಚ್ಚುಗೆ ಪಡೆದದ್ದು. ಆದರೆ ಫೋರ್ಡ್ ಸಂಸ್ಥೆ ಭಾರತದಲ್ಲಿ ಕಾರು ತಯಾರಿಕೆಯಿಂದ ಹಿಂದೆ ಸರಿಯುವುದಾಗಿ ಸಾರಿದ್ದು 2021ರಲ್ಲಿ. ಪೋಲೊ ಇಲ್ಲಿ ನಿಂತದ್ದು 2022ರಲ್ಲಿ. ಇವುಗಳ ಬಿಡಿಭಾಗ ಎಲ್ಲಿ, ಎಷ್ಟು ದಿನಕ್ಕೆ ಸಿಗುತ್ತದೆಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ವ್ಯಾಗನ್ ಆರ್ ಎತ್ತರದ ಗಾಡಿ; ಮೊಣಕಾಲು ನೋವಿನ ಅಜ್ಜಿ ಬಗ್ಗದೆ, ಏಳದೆ, ಅಡ್ಡಡ್ಡವಾಗಿಯೇ ಕುಳಿತುಬಿಡಬಹುದು. ಸ್ವಾದ ಸ್ವಲ್ಪ ಕಡಿಮೆ, ಸೌಕರ್ಯ ಹೆಚ್ಚು. 2016ರಲ್ಲಿ ಬಂದ ಟಿಯಾಗೊ ಗಟ್ಟಿ ಮೈಯದು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಡೆಸಿದ ಡಿಕ್ಕಿಯ ಪರೀಕ್ಷೆಯಲ್ಲಿ 2020ರಲ್ಲಿ ಅದಕ್ಕೆ 4 ನಕ್ಷತ್ರ ದೊರೆತವು. 2018ರಲ್ಲಿ ಸ್ವಿಫ್ಟಿಗೆ ದೊರೆತದ್ದು 2. ಎಲ್ಲ ಗುಣಗಳೂ ಒಂದೇ ಗಾಡಿಯಲ್ಲಿ ಮನೆಮಾಡಿರುವುದಿಲ್ಲ. ನಮ್ಮ ಮನೆಗೆ ಯಾವ ಗುಣ ಮುಖ್ಯವೆಂಬುದನ್ನು ಮನೆಯವರೆಲ್ಲ ಕೂತು ಮೊದಲು ನಿರ್ಧರಿಸಬೇಕು. ನಡೆಸುವವಳು ಸೊಸೆಯೋ ಮಗಳೋ ಆಗಿದ್ದರೆ ಅವಳ ಕಾಲಿಗೆ ಕ್ಲಚ್ಚು ಎಟುಕುವುದೇ, ಹಿಂದಿನ ಗಾಜಿನಿಂದ ಅವಳಿಗೆ ರಸ್ತೆ ಕಾಣುವುದೇ ಎಂಬುದನ್ನು ಅವಳೇ ಕುಳಿತು ಹೇಳಬೇಕು. ಮಾವನು ಹೇಳಿದರೆ ಸಾಲದು.

ಹೆಸರಿಗಿಂತ ಗಾಡಿ ಹುಟ್ಟಿದ ವರ್ಷ ಮುಖ್ಯ. ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಬ್ರೇಕು 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಚಾಲಕನ ಮುಂದಿನ ಗಾಳಿಚೀಲ ಅದೇ ವರ್ಷದ ಜುಲೈಯಿಂದ. ಪಕ್ಕದವರದು 2021ರ ಕೊನೆಯ ಹೊತ್ತಿಗೆ. ಐವತ್ತು ಸಾವಿರ ಉಳಿಯುತ್ತದೆಂದು ಇವಿಲ್ಲದ ಗಾಡಿಗೆ ಕೈ ಹಾಕುವ ಮುನ್ನ, ರಾತ್ರಿಯ ಆ ದೀಪವಿಲ್ಲದ ಟ್ರೇಲರನ್ನು ನೆನೆಯಿರಿ.

ಇನ್ನು ಉರುವಲು. ಡೀಸೆಲ್ ಗಾಡಿ ದಿನವೂ ದೂರ ಓಡುವವರಿಗೆ ಮಾತ್ರ ಲಾಭಕರ. 2020ರ ಏಪ್ರಿಲ್ ನಂತರದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕವಿರುತ್ತದೆ. ಆಗಾಗ್ಗೆ ದೂರದ ಓಟ ಸಿಕ್ಕಿದರೆ ಮಾತ್ರ ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಬನಹಟ್ಟಿಯಿಂದ ರಬಕವಿಗೆ, ರಬಕವಿಯಿಂದ ಬನಹಟ್ಟಿಗೆ ತಿರುಗಾಡುವ ಮನೆಗೆ ಅದು ತಲೆನೋವು. ಪೆಟ್ರೋಲಿನದು ಇನ್ನೊಂದು ಕಥೆ. ಅದು ನಮ್ಮ ಹೊಲದಿಂದಲೇ ಹೊರಟದ್ದು. ನಮ್ಮ ಸೀಮೆಯ ಕಬ್ಬು ಈಗ ಸಕ್ಕರೆಯಷ್ಟೇ ಆಗದೆ ಎಥೆನಾಲೂ ಆಗಿ ಪೆಟ್ರೋಲಿನಲ್ಲಿ ಬೆರೆಯುತ್ತದೆ. ನೂರಕ್ಕೆ 20ರಷ್ಟು ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾದುದರಿಂದ ಮೈಲೇಜು ತುಸು ಇಳಿಯುತ್ತದೆ. 2023ರ ಏಪ್ರಿಲಿನಿಂದ ತಯಾರಾದ ಕಾರುಗಳ ರಬ್ಬರು, ಕೊಳವೆ, ಲೋಹಗಳು ಈ ಮಿಶ್ರಣಕ್ಕೆ ಒಗ್ಗುವಂಥವು. ಅದಕ್ಕೂ ಹಳೆಯ ಗಾಡಿಯಾದರೆ, ಪೆಟ್ರೋಲಿನ ಕೊಳವೆಗಳನ್ನೂ ಅವುಗಳ ಕೂಡುಗಳನ್ನೂ ಮಿಸ್ತ್ರಿಯಿಂದ ಪರೀಕ್ಷಿಸಿಕೊಳ್ಳುವುದು ವಿವೇಕ. ಕಬ್ಬು ಬೆಳೆದವನ ಮಗನಿಗೆ ಒಂದು ಕೈಯಿಂದ ಬಂದ ಲಾಭ ಇನ್ನೊಂದು ಕೈಯಿಂದ ಸೋರಿಹೋಗಬಾರದಲ್ಲ!

ಪರೀಕ್ಷೆಯ ಕ್ರಮವನ್ನು ರಬಕವಿಯ ನೇಕಾರನಿಂದ ಕಲಿಯಬೇಕು. ಅವನು ಸೀರೆಯ ಸೆರಗನ್ನು ನೋಡಿ ತಲೆದೂಗುವುದಿಲ್ಲ. ಒಳಮೈ ತಿರುವಿ, ಎಳೆ ಕಡಿದು ಗಂಟು ಬಿದ್ದ ಜಾಗವನ್ನು ಬೆರಳಿನಿಂದ ಹುಡುಕುತ್ತಾನೆ. ಹಾಗೆಯೇ ಬಾಗಿಲಿನ ಅಂಚು, ಬಾನೆಟ್ಟಿನ ಬೋಲ್ಟು, ಡಿಕ್ಕಿಯ ಅಡಿಹಾಸು ಇವುಗಳಲ್ಲಿ ಕಣ್ಣಾಡಿಸಿರಿ. ಬೋಲ್ಟಿನ ಬಣ್ಣ ಸುಲಿದಿದ್ದರೆ ಯಾರೋ ಅದನ್ನು ಬಿಚ್ಚಿದ್ದಾರೆ. ಎರಡು ತಗಡುಗಳ ನಡುವಿನ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿದ್ದರೆ ಗಾಡಿ ಎಲ್ಲಿಯೋ ತಾಗಿದೆ. ಮಾರುವವನು ಮಾತ್ರ, “ಮಾಸ್ತರರ ಗಾಡಿರೀ, ಸೂಟಿಗಷ್ಟ ಹೊರಗ ತಗೀತಿದ್ರು” ಎಂದೇ ಹೇಳುತ್ತಾನೆ. ಮೀಟರು 30 ಸಾವಿರ ತೋರಿಸಲಿ. ಬ್ರೇಕಿನ ರಬ್ಬರು ಸವೆದು ನುಣುಪಾಗಿದ್ದರೆ ರಬ್ಬರನ್ನೇ ನಂಬಿರಿ. ಟೈರಿನ ಮೈಮೇಲೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಅದು ಸುಳ್ಳು ಹೇಳಲಾರದು.

ನಮ್ಮ ಸೀಮೆಗೆ ವಿಶೇಷವಾದ ಎರಡು ಪರೀಕ್ಷೆಗಳಿವೆ. ಮೊದಲನೆಯದು ನೆರೆ. 2019ರ ಆಗಸ್ಟಿನಲ್ಲಿ ಕೃಷ್ಣೆ-ಘಟಪ್ರಭೆಯರು ನಮ್ಮ ಊರುಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ; ಸಾಂಗಲಿ-ಕೊಲ್ಹಾಪುರಗಳು 2019ರಲ್ಲಿಯೂ 2021ರಲ್ಲಿಯೂ ಮುಳುಗಿದವು. ನೀರಿನಲ್ಲಿ ನಿಂತ ಗಾಡಿ ತೊಳೆದರೆ ಹೊಳೆಯುತ್ತದೆ, ಆದರೆ ಅದರ ತಂತಿಗಳ ಕೂಡುಗಳಲ್ಲಿ ತುಕ್ಕು ಮೌನವಾಗಿ ಬೆಳೆಯುತ್ತಿರುತ್ತದೆ. ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಹಾಸನ್ನು ಎತ್ತಿ ಮೂಸಿ ನೋಡಿರಿ. ಸುಗಂಧದ ಸೀಸೆ ಎಷ್ಟೇ ಇಟ್ಟಿದ್ದರೂ ಹೊಳೆಯ ಮಣ್ಣಿನ ವಾಸನೆ ಹೋಗುವುದಿಲ್ಲ. ಎರಡನೆಯದು ಇಲಿ. ಕಬ್ಬಿನ ಗದ್ದೆಯ ಮಗ್ಗುಲಲ್ಲಿ ನಿಲ್ಲುವ ಗಾಡಿಯ ತಂತಿಗಳನ್ನು ಮೂಷಕವಾಹನನ ವಾಹನವು ಬಿಡುವುದಿಲ್ಲ. ಬಾನೆಟ್ಟಿನ ಮೂಲೆಗಳಲ್ಲಿ ಹಿಕ್ಕೆ, ಕಡಿದ ತಂತಿಗೆ ಸುತ್ತಿದ ಪಟ್ಟಿ ಕಂಡರೆ ಎಚ್ಚರ.

ಬೆಳಿಗ್ಗೆ ಹೋಗಿರಿ, ಎಂಜಿನ್ನು ತಣ್ಣಗಿರುವಾಗ. ಬಾನೆಟ್ಟು ಮುಟ್ಟಿದರೆ ಬಿಸಿಯಿದ್ದರೆ ನಿಮಗಿಂತ ಮೊದಲೇ ಯಾರೋ ಅದನ್ನು ಎಬ್ಬಿಸಿದ್ದಾರೆ, ಏಕೆಂದು ಕೇಳಿರಿ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ. ಕಪ್ಪಾಗಿದ್ದರೆ ಉರುವಲು ಹೆಚ್ಚಾಗಿ ಹೋಗುತ್ತಿದೆ. ಎಂಜಿನ್ನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ತಂಪಿನ ನೀರು ಒಳಗೆ ಸೇರುತ್ತಿರಬಹುದು. ಆಮೇಲೆ ಒಬ್ಬರೇ ಅಲ್ಲ, ಐವರನ್ನೂ ಕೂರಿಸಿ, ಎಸಿ ಹಚ್ಚಿ ನಡೆಸಿರಿ. ಏರಿನಲ್ಲಿ ಮೂರನೆಯ ಗೇರಿನಲ್ಲಿ ಎಳೆಯುವುದೇ? ಬೀಳಗಿ ತಾಲೂಕಿನ ಕೊರ್ತಿ-ಕೋಲ್ಹಾರ ಸೇತುವೆಯ ಮೇಲೆ ಹಿನ್ನೀರಿನ ಗಾಳಿ ಅಡ್ಡ ಬೀಸಿದಾಗ ಗಾಡಿ ತನ್ನ ದಾರಿಯನ್ನು ಹಿಡಿದು ನಿಲ್ಲುವುದೇ? ಎರೆಮಣ್ಣಿನ ರಸ್ತೆ ಉಬ್ಬಿ ತಗ್ಗಾದಲ್ಲಿ ಕೆಳಮೈ ತಾಗುವುದೇ? ಕವಿ ರನ್ನನು ಮುಧೋಳದವನು, ಬಳೆಗಾರರ ಮನೆಯವನು. ಬಳೆಯ ಮಲಾರವನ್ನು ಹಿಂದಿನ ಸೀಟಿನಲ್ಲಿಟ್ಟರೆ ಒಂದೂ ಒಡೆಯದೆ ಲೋಕಾಪುರ ಮುಟ್ಟುವುದೇ ಎಂಬುದೇ ಸ್ಪ್ರಿಂಗುಗಳಿಗೆ ನಾನು ಒಡ್ಡುವ ಪರೀಕ್ಷೆ.

ಕೊನೆಯದು ಕಾಗದಪತ್ರ. ಇಲ್ಲಿ ಬೇಸರಿಸಬಾರದು. ಕೆಎ 48 ಜಮಖಂಡಿಯದು, ಕೆಎ 29 ಬಾಗಲಕೋಟೆಯದು. ಅಂಥ ಗಾಡಿಯ ಪೂರ್ವಾಶ್ರಮವನ್ನು ನಾಲ್ಕು ಜನರನ್ನು ಕೇಳಿ ತಿಳಿಯಬಹುದು. ಗಡಿಯಾಚೆಯಿಂದ ಅಗ್ಗಕ್ಕೆ ಬಂದ ಗಾಡಿಗೆ ಅಲ್ಲಿಯ ಆರ್‌ಟಿಓ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ನಮ್ಮ ರಾಜ್ಯದ ಜೀವಾವಧಿ ತೆರಿಗೆ ಕಟ್ಟಬೇಕು. ಆ ಲೆಕ್ಕ ಸೇರಿಸಿದರೆ ಅಗ್ಗವು ಎಷ್ಟೋ ಸಲ ಅಗ್ಗವಾಗಿರುವುದಿಲ್ಲ. ಬ್ಯಾಂಕಿನ ಸಾಲ ತೀರಿದ್ದರೂ ನೋಂದಣಿ ಪುಸ್ತಕದಿಂದ ಬ್ಯಾಂಕಿನ ಹೆಸರು ಹೋಗಿದೆಯೇ ನೋಡಿರಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ; ಆಮೇಲೆ ಪರೀಕ್ಷೆಯಾಗಿ ಐದೈದು ವರ್ಷಕ್ಕೆ ನವೀಕರಣ. ಮಾರಿದವನು ರಾಜ್ಯದೊಳಗಾದರೆ 14 ದಿನಗಳಲ್ಲಿ ಮಾರಾಟವನ್ನು ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತದ ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. ಆ ಪ್ರಕರಣದಲ್ಲಿ ಗಾಡಿ ಕೈಯಿಂದ ಕೈಗೆ ಹಲವು ಸಲ ದಾಟಿತ್ತು. ಹೆಸರು ಮಾತ್ರ ದಾಟಿರಲಿಲ್ಲ. ನಮ್ಮಲ್ಲಿ ಪರಿಚಯದವರಿಂದ ಕೊಂಡಾಗ, “ಹೆಸರ ಬದ್ಲಿ ಮಾಡೋದೇನ ಅವಸರ ಐತ್ರೀ” ಎನ್ನುವ ದಾಕ್ಷಿಣ್ಯವಿದೆ. ಈ ದಾಕ್ಷಿಣ್ಯ ಎರಡು ಮನೆಗಳನ್ನು ಕೋರ್ಟಿಗೆ ಎಳೆಯಬಲ್ಲುದು.

ಇಷ್ಟನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ನಮ್ಮ ಸೀಮೆಯ ಐದು ಜನರ ಮನೆಗೆ ನನ್ನ ಸಲಹೆ ಇದು: ಪೆಟ್ರೋಲಿನದು, ನಡುವಿನ ಗಾತ್ರದ್ದು, 2019ರ ನಂತರದ್ದು, ಸಾಧ್ಯವಾದರೆ 2023ರ ನಂತರದ್ದು, ಒಬ್ಬರ ಕೈಯಲ್ಲಿದ್ದು ನಮ್ಮದೇ ಜಿಲ್ಲೆಯಲ್ಲಿ ಓಡಿದ್ದು. ಕೊಳ್ಳುವ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಎತ್ತಿಟ್ಟುಕೊಂಡು, ಮನೆಗೆ ತಂದ ವಾರದಲ್ಲಿಯೇ ಟೈರು, ಬ್ಯಾಟರಿ, ಬ್ರೇಕುಗಳಿಗೆ ಖರ್ಚುಮಾಡಿರಿ. ಇಂಥ ಐದು ಗಾಡಿಗಳು ಎದುರಿಗೆ ನಿಂತಾಗ ಯಾವುದನ್ನು ಆರಿಸಬೇಕೆಂದು ತಿಳಿಯದಿದ್ದರೆ, ನಡೆಸುವವರು ಇಳಿದು ಬಂದಾಗ ಅವರ ಮುಖವನ್ನು ನೋಡಿರಿ. ಇನ್ನೊಂದು ಸುತ್ತು ಹೋಗಿಬರಲೇ ಎಂದು ಅವರು ಕೇಳಿದರೆ, ಅದೇ ನಿಮ್ಮ ಗಾಡಿ.