ಬಾಗಿಲಲ್ಲಿ ನಿಂತ ಅಪರಿಚಿತ

(ಕೊಳ್ಳೇಗಾಲದಲ್ಲಿ, ಹನೂರು ಮತ್ತು ಯಳಂದೂರಿನ ಜಮಾಅತ್‌ಗಳ ಹಿರಿಯರು ಹಾಗೂ ಕುಟುಂಬದವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾವು ಪದವಿ ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿ ಹಿಂದೂ ಸಹಪಾಠಿಯೊಬ್ಬನು ಮಸೀದಿಯನ್ನು ಒಳಗಿನಿಂದ ನೋಡಬೇಕೆಂದು ಆಸೆಪಟ್ಟನು. ಅಸರ್ ನಮಾಝಿನ ಹೊತ್ತಿಗೆ ಅವನನ್ನು ಪಟ್ಟಣವೊಂದರ ಮಸೀದಿಗೆ ಕರೆದೊಯ್ದೆವು. ಹೌಝಿನ ಬಳಿ ಕುಳಿತಿದ್ದ ಹಿರಿಯರೊಬ್ಬರು ಉರ್ದುವಿನಲ್ಲಿ ನಮ್ಮನ್ನು ಗದರಿದರು. ಗೆಳೆಯನಿಗೆ ಉರ್ದು ಬಾರದು. ಆದರೆ ಮುಖಭಾವಕ್ಕೆ ಅನುವಾದ ಬೇಕೇ? ಅವನು ಕೈಯಲ್ಲಿ ಹಿಡಿದಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೊರನಡೆದನು. ಅದೇ ವರ್ಷದ ಕ್ರಿಸ್ಮಸ್ ಸಂಜೆ ಅವನೇ ನಮ್ಮನ್ನು ಚರ್ಚೊಂದಕ್ಕೆ ಕರೆದೊಯ್ದನು. ಬಾಗಿಲಲ್ಲಿ ನಿಂತಿದ್ದ ಮಧ್ಯವಯಸ್ಕರೊಬ್ಬರು ಹೆಸರು ಕೇಳಿದರು, ಕುರ್ಚಿ ತೋರಿಸಿದರು, ಹೊರಡುವಾಗ ಕೇಕ್ ಕೊಟ್ಟು “ಮತ್ತೆ ಬನ್ನಿ” ಎಂದರು. ನಮ್ಮ ಹೆಸರಿನಿಂದಲೇ ನಾವು ಮುಸ್ಲಿಮರೆಂದು ಅವರಿಗೆ ತಿಳಿದಿತ್ತು. ಅವರ ಮುಗುಳ್ನಗೆ ಮಾತ್ರ ಕುಂದಲಿಲ್ಲ.

ಮದ್ರಸದಲ್ಲಿ ಅತಿಥಿ ಸತ್ಕಾರದ ಹದೀಸ್‌ಗಳನ್ನು ಕಂಠಪಾಠ ಮಾಡಿದ್ದವರು ನಾವು. ಅಂದು ರಾತ್ರಿ ನಾವು ನಾಚಿದೆವು. ಇಂದಿನ ಮಾತಿಗೆ ಆ ನಾಚಿಕೆಯೇ ಕಾರಣ.

ಚರ್ಚಿನವರು ಹೊಸಬರನ್ನು ಹೇಗೆ ಸೆಳೆಯುತ್ತಾರೆ ಎಂಬ ವಿಚಾರ ನಮಗೇಕೆ ಎಂದು ಕೆಲವರು ಕೇಳಬಹುದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87, ಮುಸ್ಲಿಮರು ಶೇ. 12.92. ಇಷ್ಟು ಸಣ್ಣ ಸಮುದಾಯವು ನಾಡಿನ ಮನೆಮನೆಗೆ ಪರಿಚಿತವಾದುದು ಹೇಗೆ? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆ ಇದೆ. ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಹೋಲಿಕ್ರಾಸ್ ಆಸ್ಪತ್ರೆ ಇದೆ. ಆ ದಾರಿಯಲ್ಲಿ ಓಡಾಡುವವರಿಗೆ ಅದರ ಪರಿಚಯ ಹೇಳಬೇಕಾದ ಅಗತ್ಯವಿಲ್ಲ. ಹೆರಿಗೆ ನೋವು ಬಂದಾಗ, ಜ್ವರ ಏರಿದಾಗ ಮನುಷ್ಯನು ಬಾಗಿಲು ಯಾವ ಧರ್ಮದವರದೆಂದು ನೋಡುವುದಿಲ್ಲ. ತೆರೆದಿದೆಯೇ ಎಂದಷ್ಟೇ ನೋಡುತ್ತಾನೆ.

ಎರಡನೆಯ ಉತ್ತರ ಭಾಷೆ. ಮಂಗಳೂರಿನ ಬಾಸೆಲ್ ಮಿಷನ್‌ನ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದೇ ಮಿಷನ್‌ಗೆ ಸೇರಿದ ಕಿಟೆಲ್ಲರ ನಿಘಂಟು 1894ರಲ್ಲಿ ಪ್ರಕಟವಾಯಿತು. ಕ್ಯಾಥೊಲಿಕ್ ಚರ್ಚಿನಲ್ಲಿ ಶತಮಾನಗಳ ಕಾಲ ಪೂಜೆಯ ಭಾಷೆ ಲ್ಯಾಟಿನ್ ಆಗಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಜನರ ಭಾಷೆಗಳಿಗೆ ದಾರಿ ತೆರೆಯಿತು. ನಮ್ಮ ಇಬಾದತ್‌ನ ಭಾಷೆ ಅರಬಿ. ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಬಯಾನ್? ಕನ್ನಡ ಮಾಧ್ಯಮದಲ್ಲಿ ಓದಿದ, ಉರ್ದು ಅಕ್ಷರವನ್ನೇ ಅರಿಯದ ಹುಡುಗನು ಜುಮಾದಂದು ಅರ್ಧ ಗಂಟೆ ಅರ್ಥವಾಗದ ಸಾಹಿತ್ಯಿಕ ಉರ್ದುವನ್ನು ಕೇಳಿ ಮನೆಗೆ ಮರಳುತ್ತಾನೆ. ಅವನು ಮಸೀದಿಯ ಒಳಗಿದ್ದೂ ಹೊರಗಿನವನು.

ಆದರೆ ಸ್ವಾಗತವು ವ್ಯಾಪಾರವಾದರೆ ಏನಾಗುತ್ತದೆ ಎಂಬುದಕ್ಕೂ ಚರ್ಚಿನ ಲೋಕದಲ್ಲೇ ಪಾಠವಿದೆ. 1975ರಲ್ಲಿ ಅಮೆರಿಕಾದ ಶಿಕಾಗೋ ಸಮೀಪ ವಿಲ್ಲೋ ಕ್ರೀಕ್ ಎಂಬ ಚರ್ಚು ಬಾಡಿಗೆಯ ಚಿತ್ರಮಂದಿರದಲ್ಲಿ ಆರಂಭವಾಯಿತು. ಅದರ ಸ್ಥಾಪಕರು ಮನೆಮನೆಗೆ ಹೋಗಿ “ನೀವು ಚರ್ಚಿಗೇಕೆ ಬರುವುದಿಲ್ಲ?” ಎಂದು ಕೇಳಿದರು. ಸದಾ ಹಣ ಕೇಳುತ್ತಾರೆ, ಬೇಸರ ತರಿಸುತ್ತಾರೆ ಎಂಬಂಥ ಉತ್ತರಗಳು ಬಂದವು. ಸಂಗೀತ, ನಾಟಕ, ಸುಲಭ ಭಾಷೆಯ ಪ್ರವಚನಗಳಿಂದ ಅವರು ಆ ದೂರುಗಳನ್ನು ನೀಗಿಸಿದರು. ಸಾವಿರಾರು ಜನ ಸೇರಿದರು. ಆದರೆ 2007ರಲ್ಲಿ ಅದೇ ಚರ್ಚು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಕಾರ್ಯಕ್ರಮಗಳಲ್ಲಿ ಹೆಚ್ಚು ಪಾಲ್ಗೊಂಡ ಮಾತ್ರಕ್ಕೆ ಜನರ ಆತ್ಮಿಕ ಬೆಳವಣಿಗೆ ಆಗಿಲ್ಲವೆಂದು ಒಪ್ಪಿಕೊಂಡಿತು. ಆ ಪ್ರಾಮಾಣಿಕತೆಯನ್ನು ನಾವು ಮೆಚ್ಚಬೇಕು. ಅವರ ಪ್ರಶ್ನೆಯನ್ನೂ ಎರವಲು ಪಡೆಯಬೇಕು: ನಮ್ಮ ಮೊಹಲ್ಲಾದಲ್ಲಿ ಮಸೀದಿಗೆ ಬಾರದವನ ಮನೆಗೆ ಹೋಗಿ, ಉಪದೇಶ ಮಾಡದೆ, ಬಾರದಿರಲು ಕಾರಣವೇನೆಂದು ನಾವು ಎಂದಾದರೂ ಕೇಳಿದ್ದೇವೆಯೇ?

ಸಹೋದರರೇ, ನಮ್ಮ ನಾಡಿನಲ್ಲಿ ಸ್ವಾಗತವೂ ಸಂಶಯಕ್ಕೆ ಗುರಿಯಾಗಿದೆ ಎಂಬುದನ್ನು ಮರೆಯಬಾರದು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿಗಳಾದವು. ಮತಾಂತರದ ಆರೋಪವೇ ಅದಕ್ಕೆ ನೆಪ. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧ ಕಾನೂನು ಬಂತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಅದೇ 2022ರಲ್ಲಿ ಜಾತ್ರೆಗಳಿಂದ ಮುಸ್ಲಿಮ್ ವ್ಯಾಪಾರಿಗಳನ್ನು ದೂರವಿಡುವ ಕರೆಗಳೂ ಕೇಳಿಬಂದವು. ಹೀಗಿರುವಾಗ ಬಾಗಿಲು ಮುಚ್ಚಿಕೊಂಡಿರುವುದೇ ಸುರಕ್ಷಿತವೆಂದು ಕೆಲವರು ಭಾವಿಸುತ್ತಾರೆ. ನಾವು ಹಾಗೆ ಭಾವಿಸುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತಿದೆಯೆಂಬ ಕಥೆಯನ್ನು ಹೆಣೆಯುವ ಅವಕಾಶ ಹೊರಗಿನವರಿಗೆ ದೊರೆಯುತ್ತದೆ. ಜರ್ಮನಿಯ ಮುಸ್ಲಿಮರು 1997ರಿಂದ ಪ್ರತಿ ಅಕ್ಟೋಬರ್ 3ರಂದು ಮಸೀದಿಗಳನ್ನು ಎಲ್ಲರಿಗೂ ತೆರೆದಿಡುತ್ತಿದ್ದಾರೆ. ಬ್ರಿಟನ್ನಿನಲ್ಲಿ ಇಂತಹ ದಿನ 2015ರಲ್ಲಿ ಆರಂಭವಾಯಿತು. ಬೆಂಗಳೂರಿನ ಮೋದಿ ಮಸೀದಿಯು 2020ರ ಜನವರಿಯಲ್ಲಿ ನೆರೆಹೊರೆಯವರನ್ನು ಒಳಗೆ ಆಹ್ವಾನಿಸಿತು.

ಇದು ಹೊಸ ಸಂಪ್ರದಾಯವೇ? ನಜ್ರಾನಿನ ಕ್ರೈಸ್ತ ನಿಯೋಗವು ಮದೀನಾಕ್ಕೆ ಬಂದಾಗ ಪ್ರವಾದಿವರ್ಯರು(ಸ) ಅವರನ್ನು ಮಸ್ಜಿದುನ್ನಬವಿಯಲ್ಲೇ ಬರಮಾಡಿಕೊಂಡರು. ಅವರ ಪ್ರಾರ್ಥನೆಯ ಸಮಯವಾದಾಗ ಅಲ್ಲಿಯೇ ಪ್ರಾರ್ಥಿಸಲು ಬಿಟ್ಟರೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಇನ್ನೊಮ್ಮೆ ಗ್ರಾಮೀಣ ಅರಬನೊಬ್ಬನು ತಿಳಿಯದೆ ಮಸೀದಿಯೊಳಗೆ ಮೂತ್ರ ಮಾಡಿದನು. ಸಹಾಬಿಗಳು ಅವನ ಮೇಲೆರಗಲು ಮುಂದಾದರು. ಪ್ರವಾದಿವರ್ಯರು(ಸ) ಅವರನ್ನು ತಡೆದರು, ಅವನು ಮುಗಿಸುವವರೆಗೆ ಕಾದರು, ಅಲ್ಲಿಗೆ ಒಂದು ಬಕೆಟ್ ನೀರು ಸುರಿಸಿದರು, ಅವನಿಗೆ ಮೃದುವಾಗಿ ತಿಳಿಹೇಳಿದರು. ಮಸೀದಿಯ ಶುದ್ಧಿಯನ್ನು ನೀರಿನಿಂದ ಮರಳಿ ಪಡೆಯಬಹುದು. ಮುರಿದ ಮನಸ್ಸನ್ನು ಯಾವ ನೀರಿನಿಂದ ತೊಳೆಯುವುದು? ನಮ್ಮ ಗೆಳೆಯನಂತೂ ಅಂದು ಚಪ್ಪಲಿಯನ್ನು ಕಳಚಿಯೇ ಬಂದಿದ್ದನು.

ಯಾರನ್ನು ಸ್ವಾಗತಿಸುತ್ತೇವೆ ಎಂಬುದು ಇನ್ನೂ ಕಠಿಣ ಪ್ರಶ್ನೆ. ನಮ್ಮ ಇಫ್ತಾರ್ ಕೂಟಕ್ಕೆ ಶಾಸಕರು ಬಂದರೆ ಮೆತ್ತನೆಯ ಕುರ್ಚಿ, ಶಾಲು, ಫ್ಲೆಕ್ಸ್, ಫೋಟೋ ಎಲ್ಲವೂ ಸಿದ್ಧ. ರೇಷ್ಮೆ ಬಿಚ್ಚಾಣಿಕೆಯ ಕೂಲಿಯಿಂದ ದಣಿದು ಬಂದ ಬಡವನು ಕೊನೆಯ ಸಾಲಿನಲ್ಲಿ ಖರ್ಜೂರಕ್ಕೆ ಕೈಚಾಚುತ್ತಾನೆ. ಅಬಸ ಅಧ್ಯಾಯದ ಹಿನ್ನೆಲೆಯನ್ನು ನೆನಪಿಸಿಕೊಳ್ಳೋಣ. ಕುರೈಶ್ ನಾಯಕರೊಡನೆ ಪ್ರವಾದಿವರ್ಯರು(ಸ) ಮಾತನಾಡುತ್ತಿದ್ದಾಗ ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ) ಬಂದರು. ಆಗ ಮುಖ ತುಸು ಗಂಟಿಕ್ಕಿದ್ದಕ್ಕಾಗಿ ಅಲ್ಲಾಹನು ತನ್ನ ಪ್ರವಾದಿಯನ್ನೇ ತಿದ್ದಿದನು. ಆ ಗಂಟನ್ನು ಅಂಧರು ಕಂಡಿರಲೂ ಇಲ್ಲ. ಕಾಣಬಲ್ಲವರ ಮುಂದೆ ದಿನವೂ ಮುಖ ಸಿಂಡರಿಸುವ ನಮಗೆ ಏನು ಉತ್ತರವಿದೆ?

ಈ ಪ್ರದೇಶದ ಮಣ್ಣಿಗೆ ಪಂಕ್ತಿಯ ಅರ್ಥ ಗೊತ್ತು. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿಭೇದವಿಲ್ಲದೆ ಜನ ಒಟ್ಟಾಗಿ ಕುಳಿತು ಉಣ್ಣುತ್ತಾರೆ. ನಂಬಿಕೆ ಬೇರೆಯಾದರೂ ಆ ಸಮಾನತೆಯ ಹಂಬಲವನ್ನು ನಾವು ಗೌರವಿಸುತ್ತೇವೆ. ದಿನಕ್ಕೆ ಐದು ಬಾರಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಮ್ಮ ಸಾಲು ಇದಕ್ಕಿಂತ ಹಿಂದೆ ಬೀಳಬಾರದು.

ನಮ್ಮ ಸಹೋದರಿಯರ ಮಾತನ್ನೂ ಹೇಳಲೇಬೇಕು. ಯಳಂದೂರು ಸಂಚಿ ಹೊನ್ನಮ್ಮನ ಊರು. ಹೆಣ್ಣನ್ನು ಹೀಗಳೆಯುವವರನ್ನು 17ನೇ ಶತಮಾನದಲ್ಲೇ ಪ್ರಶ್ನಿಸಿದ ಕವಯಿತ್ರಿ ಆಕೆ. ಸ್ತ್ರೀಯರನ್ನು ಮಸೀದಿಯಿಂದ ತಡೆಯಬಾರದೆಂಬ ಪ್ರವಾದಿ(ಸ) ಆದೇಶ ಅದಕ್ಕೂ ಸಾವಿರ ವರ್ಷ ಹಿಂದಿನದು. ಸ್ತ್ರೀಯರಿಗೆ ಮಸೀದಿ ಪ್ರವೇಶಕ್ಕೆ ಇಸ್ಲಾಮಿನಲ್ಲಿ ಅನುಮತಿ ಇದೆಯೆಂದು ಮುಸ್ಲಿಮ್ ಪರ್ಸನಲ್ ಲಾ ಬೋರ್ಡ್ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಲಿಖಿತವಾಗಿ ತಿಳಿಸಿತು. ಪ್ರಯಾಣದಲ್ಲಿರುವ ತಾಯಿಯೊಬ್ಬಳು ವುಝೂ ಮಾಡಲು ಸ್ಥಳ ಕೇಳಿದರೆ ಕೋರ್ಟಿಗೆ ಹೇಳಿದ ಉತ್ತರವನ್ನೇ ನಾವು ಬಾಗಿಲಲ್ಲೂ ಹೇಳುತ್ತೇವೆಯೇ?

ನಮ್ಮ ಬಿನ್ನಹಗಳು ಕೆಲವೇ. ಜುಮಾದಂದು ಹತ್ತು ನಿಮಿಷ ಕನ್ನಡದಲ್ಲಿ ಬಯಾನಿನ ಸಾರಾಂಶ ಹೇಳೋಣ. ಬಾಗಿಲಲ್ಲಿ ಮುಖ ಅರಳಿಸಿ ಸಲಾಮ್ ಹೇಳುವ ಒಬ್ಬ ಯುವಕನನ್ನು ನಿಲ್ಲಿಸೋಣ. ಸಹೋದರಿಯರಿಗೆ ಒಂದು ಕೋಣೆ, ಒಂದು ನಲ್ಲಿ ಒದಗಿಸೋಣ. ವರ್ಷಕ್ಕೊಮ್ಮೆ ನೆರೆಯವರನ್ನು ಕರೆದು ಅವರ ಪ್ರಶ್ನೆಗಳನ್ನು ಸಹನೆಯಿಂದ ಕೇಳೋಣ. ಬಂದವನನ್ನು ಬೇಟೆಯಂತೆ ನೋಡುವುದು ಬೇಡ. ದೀನ್‌ನಲ್ಲಿ ಬಲಾತ್ಕಾರವಿಲ್ಲ; ಉಪಾಯದ ಬಲೆಯೂ ಇರಬಾರದು.

ಮಲೆ ಮಹದೇಶ್ವರ ಬೆಟ್ಟಕ್ಕೆ ಭಕ್ತರು ಹನೂರಿನ ಹಾದಿಯಲ್ಲಿ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. ಆ ದಿನಗಳಲ್ಲಿ ನಮ್ಮ ಬಾಗಿಲಲ್ಲಿ ಒಂದು ನೀರಿನ ಕೊಡ ಇರಲಿ. ಅದರ ಮೇಲೆ ದಾನಿಯ ಹೆಸರು ಬೇಡ, ಪಕ್ಕದಲ್ಲಿ ಕರಪತ್ರ ಬೇಡ. ಬಾಯಾರಿದವನು ಕುಡಿದು ಮುಂದೆ ನಡೆಯಲಿ. ಕೊಟ್ಟದ್ದನ್ನು ಅಲ್ಲಾಹನು ಅರಿಯುತ್ತಾನೆ.

ನಮ್ಮ ಆ ಗೆಳೆಯನಿಗೆ ಮಸೀದಿಯ ಒಳಗನ್ನು ತೋರಿಸುವ ಸಾಲ ನಮ್ಮ ಮೇಲೆ ಇನ್ನೂ ಉಳಿದಿದೆ. ಆ ಸಾಲ ತೀರಿಸುವ ಬಾಗಿಲನ್ನು ಈ ಮೂರು ಊರುಗಳಲ್ಲೊಂದು ತೆರೆಯಲಿ. ಅಲ್ಲಾಹನು ನಮ್ಮ ಮಸೀದಿಗಳನ್ನೂ ಮನಸ್ಸುಗಳನ್ನೂ ವಿಶಾಲಗೊಳಿಸಲಿ. ಆಮೀನ್.