ಕಟ್ಟಡ ಮುಗಿದಿದೆ, ಕರೆಂಟು ಬಂದಿಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಫೋನ್ ಮಾಡಿ, "ನೀನು ಸಾಫ್ಟ್‌ವೇರಿನವನು, ಎಐ ಬಗ್ಗೆ ಏನಾದರೂ ಮಾತಾಡಪ್ಪ" ಎಂದರು. ಎಐ ಬಗ್ಗೆ ನಿಮ್ಮ ಮೊಬೈಲೇ ದಿನಕ್ಕೆ ಹತ್ತು ಸಲ ಹೇಳುತ್ತದೆ. ಆ ಎಐ ಎಲ್ಲಿ ಕೂತಿದೆ, ಅದಕ್ಕೆ ಮನೆ ಕಟ್ಟುವವರು ಯಾಕೆ ಹೇಳಿದ ದಿನಕ್ಕೆ ಮನೆ ಮುಗಿಸುವುದಿಲ್ಲ ಎಂಬುದನ್ನು ಹೇಳುತ್ತೇನೆ. ಈ ವಿಷಯವನ್ನೇ ಆರಿಸಿಕೊಂಡಿದ್ದಕ್ಕೆ ನನ್ನದೇ ಒಂದು ಕಾರಣವಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ನೀವು ವಾಟ್ಸಾಪಿನಲ್ಲಿ ಕಳಿಸುವ ಫೋಟೋ, ಸಂತೆಯಲ್ಲಿ ಫೋನಿನಿಂದ ಕೊಡುವ ದುಡ್ಡಿನ ಲೆಕ್ಕ, ಎಲ್ಲವೂ ಎಲ್ಲೋ ಒಂದು ಕಟ್ಟಡದಲ್ಲಿರುವ ಕಂಪ್ಯೂಟರುಗಳಿಗೆ ಹೋಗಿ ಬರುತ್ತವೆ. ಆ ಕಟ್ಟಡಕ್ಕೆ ಡೇಟಾ ಸೆಂಟರ್ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಿಟಕಿಯಿಲ್ಲದ ದೊಡ್ಡ ಗೋಡೌನು. ಒಳಗೆ ಸಾವಿರಾರು ಯಂತ್ರಗಳು ಹಗಲೂ ರಾತ್ರಿ ಬಿಸಿಯಾಗುತ್ತಿರುತ್ತವೆ. ರೇಷ್ಮೆ ಹುಳು ಸಾಕಿದವರಿಗೆ ನಾನು ಹೇಳಬೇಕಾಗಿಲ್ಲ, ಮನೆಯ ಶಾಖ ಸ್ವಲ್ಪ ತಪ್ಪಿದರೂ ಬೆಳೆ ಹೋಯಿತು. ಇಲ್ಲಿಯೂ ಹಾಗೆಯೇ. ಇನ್ನು ಕರೆಂಟು. ಈಗ ಒಂದು ದೊಡ್ಡ ಡೇಟಾ ಸೆಂಟರ್ 100 ಮೆಗಾವ್ಯಾಟ್ ಕೇಳುವುದು ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಎಚ್‌ಪಿಯ ಸುಮಾರು 13 ಸಾವಿರ ಪಂಪ್‌ಸೆಟ್‌ಗಳನ್ನು ಒಟ್ಟಿಗೆ ಓಡಿಸಿದಷ್ಟು, ಅದೂ ಒಂದು ನಿಮಿಷ ನಿಲ್ಲದಂತೆ.

ನಾನು ಬೆಂಗಳೂರಿನಲ್ಲಿ ಕೂತು ಮಾಡುವ ಕೆಲಸ, ಇಂಥ ಕಟ್ಟಡದೊಳಗೆ ಯಂತ್ರಗಳು ಬಂದಾಗ ಅವನ್ನು ಚಾಲೂ ಮಾಡುವ ಸಾಫ್ಟ್‌ವೇರ್ ಬರೆಯುವುದು. ಕೆಲವು ವರ್ಷಗಳ ಹಿಂದೆ ನಾವು ಹೊರದೇಶದಲ್ಲಿ ಒಂದು ಹೊಸ ಡೇಟಾ ಸೆಂಟರಿಗೆ ಹೋಗಬೇಕಿತ್ತು. ಪ್ರತಿ ಶುಕ್ರವಾರ ಒಂದು ಪಟ್ಟಿ ತುಂಬುತ್ತಿದ್ದೆವು. ಕೆಲಸ ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ನನ್ನ ಸಾಫ್ಟ್‌ವೇರ್ ಸಿದ್ಧವಿತ್ತು, ಅಲ್ಲಿ ಹಸಿರು ಹಾಕಿದ್ದು ಸುಳ್ಳಲ್ಲ. ಅದರ ಕೆಳಗೆ "ಹಾಲಿಗೆ ಕರೆಂಟು ಬರುವ ದಿನ" ಎಂಬ ಸಾಲಿತ್ತು. ಅದನ್ನೂ ನಾನೇ ತುಂಬಬೇಕಿತ್ತು. ಒಂದು ದಿನ ಸೈಟಿನ ಎಲೆಕ್ಟ್ರಿಕಲ್ ಮೇಲ್ವಿಚಾರಕರು ವಿಡಿಯೋ ಕರೆಯಲ್ಲಿ ಸಿಕ್ಕರು. ಕೇಳಿದೆ. "ಸ್ವಿಚ್‌ಗೇರ್ ಇನ್ನೂ ಕಾರ್ಖಾನೆಯಿಂದಲೇ ಹೊರಟಿಲ್ಲ" ಎಂದರು. ಹಾಗಾದರೆ ಪಟ್ಟಿಯಲ್ಲಿರುವ ದಿನಾಂಕ? "ಅದನ್ನು ಬರೆದವರನ್ನು ಕೇಳಿ. ನನ್ನನ್ನು ಯಾರೂ ಕೇಳಿರಲಿಲ್ಲ."

ಆ ಶುಕ್ರವಾರ ನಾನು ಕೆಂಪು ಹಾಕಬೇಕಿತ್ತು. ಹಸಿರು ಹಾಕಿದೆ. ಮೇಲಿನವರು ಆ ದಿನಾಂಕವನ್ನು ಆಗಲೇ ಗ್ರಾಹಕರಿಗೆ ಹೇಳಿಬಿಟ್ಟಿದ್ದರು. ಬಡ್ತಿಯ ತಿಂಗಳು ಬೇರೆ. ಮೊದಲು ಬೇರೆ ಯಾರಾದರೂ ಕೆಂಪು ಹಾಕಲಿ ಎಂದು ಎಲ್ಲರೂ ಕಾಯುತ್ತಿದ್ದೆವು ಎಂದು ನನಗೆ ಆಮೇಲೆ ಗೊತ್ತಾಯಿತು. ಕೊನೆಗೆ ತಡವಾಗಿದ್ದು ಏಳು ತಿಂಗಳು. ಹಳೆಯ ಜಾಗದ ಬಾಡಿಗೆ ಕರಾರು ಮುಗಿದಿತ್ತು, ಅದನ್ನು ದುಬಾರಿ ದರಕ್ಕೆ ಮುಂದುವರಿಸಬೇಕಾಯಿತು. ಕತ್ತಲೆಯಲ್ಲಿದ್ದ ಹೊಸ ಜಾಗಕ್ಕೂ ಖರ್ಚು. ಆ ಕೆಲಸಕ್ಕೆಂದೇ ಸೇರಿಸಿಕೊಂಡಿದ್ದ ಮೂವರು ಗುತ್ತಿಗೆ ಹುಡುಗರನ್ನು ಮೂರನೆಯ ತಿಂಗಳಿಗೆ ಮನೆಗೆ ಕಳಿಸಿದರು. ಅವರಲ್ಲಿ ಒಬ್ಬನನ್ನು ಸಂದರ್ಶನ ಮಾಡಿ ಆರಿಸಿದವನು ನಾನು. ಇದ್ದ ಕೆಲಸ ಬಿಟ್ಟು ಬಂದಿದ್ದ. ನನ್ನ ಹಸಿರು ಬಣ್ಣ ನೋಡಿಯೇ ಅವನಿಗೆ ಸೇರುವ ದಿನ ಗೊತ್ತು ಮಾಡಿದ್ದರು.

ನಮ್ಮೊಬ್ಬರದೇ ಕಥೆ ಇರಬಹುದು ಎಂದುಕೊಂಡಿದ್ದೆ. ಆಮೇಲೆ ಬೆಂಟ್ ಫ್ಲೂಬ್ಯಾರ್ ಎಂಬ ಡೆನ್ಮಾರ್ಕಿನ ಪ್ರಾಧ್ಯಾಪಕರ ಪುಸ್ತಕ ಓದಿದೆ. ಜಗತ್ತಿನ 16 ಸಾವಿರಕ್ಕೂ ಹೆಚ್ಚು ದೊಡ್ಡ ಯೋಜನೆಗಳ ಲೆಕ್ಕ ಇಟ್ಟಿದ್ದಾರೆ. ಹೇಳಿದ ದುಡ್ಡಿನಲ್ಲಿ, ಹೇಳಿದ ಸಮಯಕ್ಕೆ ಮುಗಿದಿದ್ದು ನೂರಕ್ಕೆ 8.5. ಅದರ ಜೊತೆಗೆ ಹೇಳಿದಷ್ಟು ಲಾಭವನ್ನೂ ಕೊಟ್ಟಿದ್ದು ನೂರಕ್ಕೆ ಅರ್ಧ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮಜ್ಜಿ ಲೆಕ್ಕ ಇಡದೆಯೇ ಹೇಳುತ್ತಿದ್ದಳು.

ಇಲ್ಲಿ ಕೂತಿರುವ ನಮ್ಮ ಗಣಿತದ ಮೇಷ್ಟ್ರು ಕ್ಷಮಿಸಬೇಕು, ಅವರು ಕಲಿಸಿದ ಸಂಭವನೀಯತೆಯ ಪಾಠ ನನಗೆ ಅರ್ಥವಾಗಿದ್ದು ಈ ಕೆಲಸದಲ್ಲಿ. ಒಂದು ಡೇಟಾ ಸೆಂಟರ್ ಚಾಲೂ ಆಗಲು ಹತ್ತು ಸಾಮಗ್ರಿ ಬೇಕು ಎಂದಿಟ್ಟುಕೊಳ್ಳಿ. ಜನರೇಟರ್, ಚಿಲ್ಲರ್, ಬ್ಯಾಟರಿ, ಸ್ವಿಚ್‌ಗೇರ್, ಹೀಗೆ. ಒಂದೊಂದೂ ಸಮಯಕ್ಕೆ ಬರುವ ಸಾಧ್ಯತೆ ನೂರಕ್ಕೆ 90. ಪ್ರತಿಯೊಬ್ಬ ಸರಬರಾಜುದಾರನೂ ಎದೆ ತಟ್ಟಿ ಹೇಳಬಹುದಾದ ಮಾತು. ಆದರೆ ಹತ್ತೂ ಒಟ್ಟಿಗೆ ಸಮಯಕ್ಕೆ ಬರುವ ಸಾಧ್ಯತೆ? 0.9 ಅನ್ನು ಹತ್ತು ಸಲ ಗುಣಿಸಿ. ನೂರಕ್ಕೆ 35. ಇಪ್ಪತ್ತು ಸಾಮಗ್ರಿ ಇದ್ದರೆ ನೂರಕ್ಕೆ 12. ಮದುವೆಗೆ ಎಲ್ಲರೂ ಬಂದು ಪುರೋಹಿತರೊಬ್ಬರು ಬರದಿದ್ದರೆ ಮುಹೂರ್ತ ನಡೆಯುತ್ತದೆಯೇ? ಒಬ್ಬರು ಬೇಗ ಬಂದದ್ದರಿಂದ ಲಾಭವಿಲ್ಲ. ತಡವಾದವರು ಎಲ್ಲರನ್ನೂ ಕಾಯಿಸುತ್ತಾರೆ.

ಈಗ ಎಲ್ಲರನ್ನೂ ಹೆಚ್ಚು ಕಾಯಿಸುತ್ತಿರುವುದು ಯಾವುದು ಗೊತ್ತೇ? ನಮ್ಮೂರಿನ ಭಾಷೆಯಲ್ಲಿ ಟಿಸಿ. ಬೇಸಿಗೆಯಲ್ಲಿ ಟಿಸಿ ಸುಟ್ಟುಹೋಗಿ, ಬದಲಿ ಬರುವವರೆಗೆ ಬಾಳೆ ಒಣಗುವುದನ್ನು ನೋಡುತ್ತಾ ಕೂತವರು ಇಲ್ಲಿ ಬಹಳ ಜನ ಇದ್ದೀರಿ. ಅಮೆರಿಕದಲ್ಲಿ 2024ರಲ್ಲಿ ಒಂದು ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಆರ್ಡರ್ ಕೊಟ್ಟರೆ ಎರಡರಿಂದ ನಾಲ್ಕು ವರ್ಷ ಕಾಯಬೇಕಿತ್ತು. ಅದರ ಹೊಟ್ಟೆಯೊಳಗಿನ ವಿಶೇಷ ಉಕ್ಕನ್ನು ಅಷ್ಟು ದೊಡ್ಡ ದೇಶದಲ್ಲಿ ಒಂದೇ ಒಂದು ಕಂಪನಿ ತಯಾರಿಸುತ್ತದೆ. ಟ್ರಾನ್ಸ್‌ಫಾರ್ಮರ್ ಸಿಕ್ಕಿದರೂ ಮುಗಿಯಲಿಲ್ಲ. ವರ್ಜೀನಿಯಾ ರಾಜ್ಯದ ಆ್ಯಶ್‌ಬರ್ನ್ ಸುತ್ತಮುತ್ತ ಜಗತ್ತಿನಲ್ಲೇ ಅತಿ ಹೆಚ್ಚು ಡೇಟಾ ಸೆಂಟರುಗಳಿವೆ. 2022ರ ಜುಲೈನಲ್ಲಿ ಅಲ್ಲಿನ ಡೊಮಿನಿಯನ್ ಎಂಬ ವಿದ್ಯುತ್ ಕಂಪನಿ, ಹೊಸ ಡೇಟಾ ಸೆಂಟರುಗಳಿಗೆ ಕೇಳಿದಷ್ಟು ಕರೆಂಟು ಕೊಡಲು ಆಗದು ಎಂದು ಹೇಳಿತು. ವಿದ್ಯುತ್ ಉತ್ಪಾದನೆ ಸಾಕಷ್ಟಿತ್ತು. ಅದನ್ನು ಹೊತ್ತು ತರುವ ಲೈನಿಗೆ ಶಕ್ತಿಯಿರಲಿಲ್ಲ. ಕಟ್ಟಡವನ್ನು ಎರಡು ವರ್ಷದಲ್ಲಿ ಎಬ್ಬಿಸಬಹುದು. ಜಮೀನುಗಳ ಮೇಲೆ ಹಾದುಹೋಗುವ ಹೈಟೆನ್ಷನ್ ಲೈನಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಬೇಕು. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಎಂಬ ಊರಿನಲ್ಲಿ 2025ರಲ್ಲಿ ಎರಡು ಡೇಟಾ ಸೆಂಟರುಗಳು ಕಟ್ಟಿ ಮುಗಿದು, ಕರೆಂಟಿಗಾಗಿ ಖಾಲಿ ನಿಂತಿದ್ದವು. ಎಐ ಚಿಪ್ಪುಗಳಿಗೆ ಹೆಸರಾದ ಎನ್ವಿಡಿಯಾ ಕಂಪನಿಯ ಕೇಂದ್ರ ಕಚೇರಿ ಇರುವುದು ಅದೇ ಊರಿನಲ್ಲಿ!

ಅನುಮತಿಯ ಕಥೆ ಬೇರೆಯೇ. ಐರ್ಲೆಂಡಿನಲ್ಲಿ ಅಥೆನ್ರಿ ಎಂಬ ಸಣ್ಣ ಊರಿದೆ. 2015ರ ಫೆಬ್ರವರಿಯಲ್ಲಿ ಆ್ಯಪಲ್ ಕಂಪನಿ ಅಲ್ಲೊಂದು, ಡೆನ್ಮಾರ್ಕಿನ ವಿಬೋರ್‌ನಲ್ಲಿ ಒಂದು ಡೇಟಾ ಸೆಂಟರ್ ಕಟ್ಟುವುದಾಗಿ ಒಂದೇ ದಿನ ಘೋಷಿಸಿತು. ಒಂದೊಂದಕ್ಕೆ 85 ಕೋಟಿ ಯೂರೋ, ಎರಡೂ 2017ಕ್ಕೆ ಶುರು ಎಂದು ಮಾತು. ಅಥೆನ್ರಿಯಲ್ಲಿ ಕೆಲವರು ಆಕ್ಷೇಪಣೆ ಹಾಕಿದರು. ಇಷ್ಟೊಂದು ಕರೆಂಟು ಎಲ್ಲಿಂದ, ಪರಿಸರಕ್ಕೇನಾಗುತ್ತದೆ ಎಂದು ಕೇಳಿದರು. ಯೋಜನಾ ಮಂಡಳಿ 2016ರಲ್ಲಿ ಒಪ್ಪಿತು. ಹೈಕೋರ್ಟು 2017ರ ಅಕ್ಟೋಬರಿನಲ್ಲಿ ಒಪ್ಪಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋಯಿತು. ಊರಿನ ಬಹಳಷ್ಟು ಜನ ನಮಗೆ ಇದು ಬೇಕು ಎಂದು ಮೆರವಣಿಗೆ ಮಾಡಿದ್ದರು, ಮಕ್ಕಳಿಗೆ ಊರಲ್ಲೇ ಕೆಲಸ ಸಿಗುತ್ತದೆಂದು. 2018ರ ಮೇ ತಿಂಗಳಲ್ಲಿ ಆ್ಯಪಲ್ ಕೈಬಿಟ್ಟಿತು. ಡೆನ್ಮಾರ್ಕಿನದು ಎದ್ದು ನಿಂತಿತು. ಪ್ರಶ್ನೆ ಕೇಳಿದವರದು ತಪ್ಪು ಎಂದು ನಾನು ಹೇಳುವುದಿಲ್ಲ. 2023ರ ಹೊತ್ತಿಗೆ ಐರ್ಲೆಂಡಿನಲ್ಲಿ ಮೀಟರಿನಲ್ಲಿ ಅಳೆದ ಕರೆಂಟಿನ ನೂರಕ್ಕೆ 21 ಭಾಗ ಡೇಟಾ ಸೆಂಟರುಗಳಿಗೇ ಹೋಗುತ್ತಿತ್ತು. ಅವರ ಪ್ರಶ್ನೆಗೆ ಉತ್ತರ ಸಿಗಲು ಬೇಕಾದ ವರ್ಷಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂಬುದಷ್ಟೇ ನನ್ನ ಮಾತು.

ಇನ್ನೊಂದಿದೆ. ಕಟ್ಟುತ್ತಿರುವಾಗಲೇ ಮನೆಗೆ ಬರುವವರು ಬದಲಾಗಿಬಿಡುತ್ತಾರೆ. ಮೊದಲು ಒಂದು ಕಪಾಟಿನಷ್ಟು ಸರ್ವರುಗಳಿಗೆ 5ರಿಂದ 10 ಕಿಲೋವ್ಯಾಟ್ ಸಾಕಾಗುತ್ತಿತ್ತು, ಫ್ಯಾನಿನ ಗಾಳಿಯಲ್ಲೇ ತಣ್ಣಗಾಗುತ್ತಿತ್ತು. 2024ರಲ್ಲಿ ಎನ್ವಿಡಿಯಾ ಪ್ರಕಟಿಸಿದ ಕಪಾಟಿಗೆ ಸುಮಾರು 120 ಕಿಲೋವ್ಯಾಟ್ ಬೇಕು, ಗಾಳಿ ಸಾಲದು, ಕೊಳವೆಯಲ್ಲಿ ದ್ರವ ಹರಿಸಬೇಕು. ಹಸು ಕಟ್ಟಲೆಂದು ಕೊಟ್ಟಿಗೆ ಕಟ್ಟುತ್ತಿದ್ದಾಗ ಆನೆ ಬರುತ್ತದೆ ಎಂದ ಹಾಗಾಯಿತು. ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿ 2022ರ ಕೊನೆಯಲ್ಲಿ ಹಲವು ಕಡೆ ನಡೆಯುತ್ತಿದ್ದ ಕಟ್ಟಡ ಕೆಲಸ ನಿಲ್ಲಿಸಿ, ಎಐಗೆ ಹೊಂದುವಂತೆ ನಕ್ಷೆಯನ್ನೇ ಬದಲಿಸಿತು. ಅಡಿಪಾಯ ಹಾಕಿದ ಮೇಲೆ ನಕ್ಷೆ ಬದಲಿಸಿದರೆ ಖರ್ಚು ಎಷ್ಟಾಗುತ್ತದೆಂದು ಇಲ್ಲಿರುವ ಗಾರೆ ಕೆಲಸದ ಅಣ್ಣಂದಿರನ್ನು ಕೇಳಿ.

ದುಡ್ಡು ಹೆಚ್ಚಾಗುವುದು ಬಹುಮಟ್ಟಿಗೆ ಈ ಕಾಯುವಿಕೆಯಿಂದಲೇ. ಸಾಲದ ಬಡ್ಡಿ ಕಾಯುವುದಿಲ್ಲ. ಕೆಲಸವಿಲ್ಲದೆ ಕೂತ ತಂಡಕ್ಕೂ ಕೂಲಿ ಕೊಡಬೇಕು, ಆಮೇಲೆ ತಡವಾದದ್ದನ್ನು ಸರಿದೂಗಿಸಲು ರಾತ್ರಿ ಪಾಳಿಗೆ ಎರಡು ಪಟ್ಟು ಕೊಡಬೇಕು. ಕಾಲ ಹಿಂದೆ ಬಿದ್ದಾಗ ಕತ್ತರಿ ಬೀಳುವುದು ಯಾವಾಗಲೂ ಕೊನೆಯ ಪರೀಕ್ಷೆಯ ದಿನಗಳಿಗೆ. ಲೈನಿನ ಕರೆಂಟು ಬೇಕೆಂದೇ ತೆಗೆದು, ಜನರೇಟರ್ ಹಿಡಿಯುತ್ತದೆಯೇ, ತಂಪು ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಅದನ್ನು ಅವಸರದಲ್ಲಿ ಮುಗಿಸಿದರೆ ಏನಾಗುತ್ತದೆ ಎಂದು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗೊತ್ತು.

ಅದೇ ಫ್ಲೂಬ್ಯಾರ್ ಅವರ ಪಟ್ಟಿಯಲ್ಲಿ ಅತಿ ಕಡಿಮೆ ಲೆಕ್ಕ ತಪ್ಪಿದ್ದು ಸೋಲಾರ್ ಯೋಜನೆಗಳು. ಖರ್ಚು ಹೆಚ್ಚಾಗಿದ್ದು ಸರಾಸರಿ ನೂರಕ್ಕೆ ಒಂದೇ ರೂಪಾಯಿ. ಒಂದೇ ಥರದ ಹಲಗೆಯನ್ನು ಸಾವಿರ ಸಲ ಕೂರಿಸುವುದು. ಹತ್ತು ಕೂರಿಸಿದರೆ ಹತ್ತರಿಂದ ಕರೆಂಟು ಬರುತ್ತದೆ. ಹನ್ನೊಂದನೆಯದಕ್ಕೆ ಕಾಯಬೇಕಾಗಿಲ್ಲ. ಡೇಟಾ ಸೆಂಟರುಗಳನ್ನೂ ಹೀಗೆ ತುಂಡು ತುಂಡಾಗಿ, ಒಂದೇ ಅಚ್ಚಿನಲ್ಲಿ ಕಟ್ಟುವ ಪ್ರಯತ್ನಗಳು ನಡೆದಿವೆ. ಆದರೆ ಟಿಸಿ ಮಾತ್ರ ಎಲ್ಲಕ್ಕೂ ಮೊದಲು ಬರಲೇಬೇಕು.

ಈಗ ನನ್ನ ಕಾರಣ. ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯನ್ನು ತಿರುಗಿಸಿ ನೋಡಿ. "ಹಳೆಯ ವಿದ್ಯಾರ್ಥಿಗಳ ಕೊಡುಗೆ: 30 ಕಂಪ್ಯೂಟರುಗಳ ಪ್ರಯೋಗಾಲಯ, ಬರುವ ಜೂನ್ ಒಂದಕ್ಕೆ ಆರಂಭ" ಎಂದು ಅಚ್ಚಾಗಿದೆ. ಆ ಸಾಲು ಬರೆದುಕೊಟ್ಟವನು ನಾನು. ಬೆಂಗಳೂರಿನಲ್ಲಿ ಕೂತು, ಇಲ್ಲಿ ಯಾರನ್ನೂ ಕೇಳದೆ. ನಿನ್ನೆ ಸಂಜೆ ಮುಖ್ಯೋಪಾಧ್ಯಾಯರ ಜೊತೆ ಹೋಗಿ ಮೀಟರು ನೋಡಿದೆ. ಶಾಲೆಗೆ ಮಂಜೂರಾಗಿರುವ ಲೋಡು 3 ಕಿಲೋವ್ಯಾಟ್. 30 ಕಂಪ್ಯೂಟರಿಗೆ ತಲಾ 200 ವ್ಯಾಟ್ ಹಿಡಿದರೂ 6 ಕಿಲೋವ್ಯಾಟ್, ಯುಪಿಎಸ್, ಫ್ಯಾನು ಬೇರೆ. ಕೋಣೆಯ ವೈರಿಂಗ್ ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮಾಡಿದ್ದು. ಶಾಲೆಯ ಹಿಂದಿನ ಟಿಸಿಯ ಮೇಲೆ ಹಿಟ್ಟಿನ ಗಿರಣಿಯೂ ಇದೆ. "ಗಿರಣಿ ಓಡುವಾಗ ಲೈಟೇ ಮಂಕಾಗುತ್ತದೆ ಸಾರ್" ಎಂದು ನಮ್ಮ ಜವಾನರು ಹೇಳಿದರು. ಅವರನ್ನು ನಾನು ಮೊದಲೇ ಕೇಳಬಹುದಿತ್ತು.

ಆದ್ದರಿಂದ ಜೂನ್ ಒಂದು ಎಂಬ ಮಾತನ್ನು ಈ ವೇದಿಕೆಯ ಮೇಲೆಯೇ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ದುಡ್ಡು ಕೊಟ್ಟ ಗೆಳೆಯರಿಗೆ ಬೇಸರವಾಗಬಹುದು. ಇರುವ ಲೋಡಿನಲ್ಲಿ ಎಂಟು ಕಂಪ್ಯೂಟರು ಓಡುತ್ತವೆ. ಹಳೆಯ ವಿಜ್ಞಾನದ ಕೋಣೆಗೆ ಹೊಸ ವೈರಿಂಗ್ ಮಾಡಿಸಿ ಆ ಎಂಟನ್ನು ಮೊದಲು ಹಾಕೋಣ. ಉಳಿದ 22ಕ್ಕೆ ಹೆಚ್ಚುವರಿ ಲೋಡು ಮಂಜೂರಾಗುವವರೆಗೆ ದಿನಾಂಕ ಹೇಳುವುದಿಲ್ಲ, ಕಂಪ್ಯೂಟರು ಕೊಳ್ಳುವುದೂ ಇಲ್ಲ. ಕೊಂಡಿಟ್ಟರೆ ವಾರಂಟಿ ಪೆಟ್ಟಿಗೆಯಲ್ಲೇ ಮುಗಿದುಹೋಗುತ್ತದೆ.

ಮೀಟರಿನ ಆರ್‌ಆರ್ ನಂಬರನ್ನು ಮುಖ್ಯೋಪಾಧ್ಯಾಯರು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಸೋಮವಾರ ರಜೆ ಹಾಕಿದ್ದೇನೆ, ಅರ್ಜಿ ಹಿಡಿದು ಸೆಕ್ಷನ್ ಆಫೀಸಿಗೆ ಹೋಗುತ್ತೇನೆ. ಜೊತೆಗೆ ಬರುವವರು ಬೆಳಿಗ್ಗೆ ಒಂಬತ್ತೂವರೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸಿಗಿ. ಗಿರಣಿಯ ಯಜಮಾನರೂ ಬಂದರೆ ಒಳ್ಳೆಯದು.