ಬಾಡಿಗೆ ಮನೆ ಮತ್ತು ಹಲಾಲ್ ಸಂಪಾದನೆ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಹಾಗೂ ಸಹಾಬಿಗಳ ಮೇಲೆ ಸಲಾತ್ ಮತ್ತು ಸಲಾಮ್.



ಪ್ರವಾದಿವರ್ಯರು(ಸ) ಒಮ್ಮೆ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿತ್ತು, ಒಳಗೆ ಒದ್ದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದೂ, ವಂಚಿಸುವವನು ತಮ್ಮವನಲ್ಲವೆಂದೂ ಪ್ರವಾದಿವರ್ಯರು(ಸ) ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆ ಮನೆ ಬಾಡಿಗೆಗೆ ಕೊಡುವವರಿಗೂ ಪಾಠ.

ನಮ್ಮ ವಕ್ಕಲೇರಿಯ ಸುತ್ತಮುತ್ತ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ದೂರದೂರುಗಳಿಂದ ಯುವಕ ಯುವತಿಯರು ಬರುತ್ತಿದ್ದಾರೆ. ಅವರಿಗೆ ಬಾಡಿಗೆ ಕೋಣೆ ಬೇಕು. ನಮ್ಮಲ್ಲಿಯೂ ಮಾಳಿಗೆಯ ಮೇಲೆ ಎರಡು ಕೋಣೆ ಹಾಕಿಸೋಣ, ಸೈಟಿನಲ್ಲಿ ಸಾಲುಮನೆ ಕಟ್ಟೋಣ ಎಂಬ ಯೋಚನೆ ಸಹಜ. ಇದು ಹಲಾಲ್ ಸಂಪಾದನೆಯೇ. ಮೂಸಾ(ಅ)ರ ಕರಾರಿನಲ್ಲಿ ಎಂಟು ವರ್ಷ ಕಡ್ಡಾಯ, ಹತ್ತು ಪೂರೈಸಿದರೆ ಅವರ ಔದಾರ್ಯ ಎಂದು ಮೊದಲೇ ಸ್ಪಷ್ಟವಾಗಿತ್ತು. ಕರಾರು ಎಂದರೆ ಹೀಗೆ ಸ್ಪಷ್ಟವಾಗಿರಬೇಕು.

ಹಣ ಹಾಕುವ ಮುನ್ನ ಜಾಗ ಯಾರದೆಂದು ನೋಡೋಣ. ತಂದೆಯ ಸೈಟಿನಲ್ಲಿ ಸಹೋದರಿಯರ ಪಾಲು ಕೊಡದೆ ಕಟ್ಟಿದ ಮನೆಯಿಂದ ಎಷ್ಟು ಬಾಡಿಗೆ ಬಂದರೇನು? ಪಂಚಾಯಿತಿಯ ನಮೂನೆ 9, 11 ಮತ್ತು ಋಣಭಾರ ಪತ್ರ ಪರಿಶೀಲಿಸೋಣ. ಲೆಕ್ಕ ಹಾಕುವಾಗ 12 ತಿಂಗಳ ಬಾಡಿಗೆ ಹಿಡಿಯದೆ 10 ತಿಂಗಳದ್ದು ಹಿಡಿಯೋಣ. ಮನೆ ಖಾಲಿ ಬೀಳುವ ದಿನಗಳೂ ಇರುತ್ತವೆ. ಅದರಲ್ಲಿ ಕಂದಾಯ, ಮೋಟಾರ್ ರಿಪೇರಿ, ಸುಣ್ಣಬಣ್ಣದ ಖರ್ಚು ಕಳೆಯೋಣ. ಈ ಲೆಕ್ಕ ತಪ್ಪಿದವರು ಬಡ್ಡಿ ಸಾಲಕ್ಕೆ ಬೀಳುತ್ತಾರೆ, ಆ ಹೊರೆಯನ್ನು ಬಾಡಿಗೆದಾರನ ತಲೆಗೆ ಕಟ್ಟುತ್ತಾರೆ.

ಇನ್ನು ಮನೆ ಸಿದ್ಧಪಡಿಸುವ ವಿಷಯ. ತಾರಸಿ ಸೋರುತ್ತಿದ್ದರೆ ಮೊದಲು ಸೋರಿಕೆ ನಿಲ್ಲಿಸಬೇಕು. ಒದ್ದೆ ಗೋಡೆಗೆ ಬಣ್ಣ ಬಳಿದು ತೋರಿಸಿದರೆ ನಾವೂ ಆ ಧಾನ್ಯದ ವ್ಯಾಪಾರಿಯಂತೆಯೇ ಆಗುತ್ತೇವೆ. ನಮ್ಮ ಜಿಲ್ಲೆಯ ಆಳವಾದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ತಿಳಿದ ಸಂಗತಿ. ನೀರು ಪರೀಕ್ಷೆ ಮಾಡಿಸೋಣ, ಕುಡಿಯಲು ಯೋಗ್ಯವಲ್ಲದಿದ್ದರೆ ಬಾಯಿಬಿಟ್ಟು ಹೇಳೋಣ. ವೈರಿಂಗ್, ಬಾಗಿಲ ಚಿಲಕ, ಬಚ್ಚಲಿನ ಗಾಳಿಕಿಂಡಿ ನೋಡೋಣ. ಈ ಕೋಣೆಯಲ್ಲಿ ನಮ್ಮ ಮಗಳನ್ನು ಇರಿಸುತ್ತೇವೆಯೇ ಎಂದು ಕೇಳಿಕೊಳ್ಳೋಣ.

ನಮ್ಮಲ್ಲಿ ಭೋಗ್ಯದ ರೂಢಿಯಿದೆ. ಲಕ್ಷಗಟ್ಟಲೆ ಹಣ ಪಡೆದು, ಬಾಡಿಗೆಯಿಲ್ಲದೆ ಮನೆ ಕೊಟ್ಟು, ಅವಧಿ ಮುಗಿದಾಗ ಪೂರ್ತಿ ಹಣ ಹಿಂದಿರುಗಿಸುವುದು. ಕೊಟ್ಟ ಹಣ ಸಾಲ, ಪುಕ್ಕಟೆ ವಾಸ ಅದರ ಲಾಭ. ಆದ್ದರಿಂದ ಇದು ಬಡ್ಡಿಯೇ ಎಂದು ಅನೇಕ ಉಲಮಾಗಳು ಹೇಳುತ್ತಾರೆ. ಮುಂಗಡ ಕಡಿಮೆ ಮಾಡಿ, ನ್ಯಾಯವಾದ ಬಾಡಿಗೆ ಗೊತ್ತುಮಾಡಿ ಬರೆದುಕೊಳ್ಳುವುದೇ ಸುರಕ್ಷಿತ. ಈಗಾಗಲೇ ಭೋಗ್ಯದಲ್ಲಿರುವವರು ಆಲಿಮರನ್ನು ಕೇಳಿ ಸರಿಪಡಿಸಿಕೊಳ್ಳಲಿ.

ಮುಂಗಡ ಹಣ ನಮ್ಮ ಸ್ವಂತದ್ದಲ್ಲ. ವಾಸದಿಂದ ಸಹಜವಾಗಿ ಮಾಸಿದ ಗೋಡೆಗೆಂದು, ಮೊದಲೇ ಮಾತಾಗಿರದಿದ್ದರೂ, ಊರು ಬಿಡುವ ಹುಡುಗನ ಹಣ ಮುರಿದುಕೊಳ್ಳುವುದು ಅನ್ಯಾಯ. ಅವನು ಯಾವ ಧರ್ಮದವನಾದರೂ ನಮ್ಮ ನೆರೆಯವನು. ಬಾಡಿಗೆ ಮನೆಯ ಬೆಲೆಗೆ ಝಕಾತ್ ಇಲ್ಲ. ಆದರೆ ಉಳಿತಾಯವಾದ ಬಾಡಿಗೆ ಹಣ ನಿಸಾಬ್ ತಲುಪಿ ವರ್ಷ ತುಂಬಿದರೆ ಶೇ. 2.5 ಕೊಡಲೇಬೇಕು.

ಅಲ್ಲಾಹನು ನಮ್ಮ ಸಂಪಾದನೆಯಲ್ಲಿ ಬರ್ಕತ್ ನೀಡಲಿ, ನಮ್ಮ ಸೂರಿನಡಿ ಬಾಳುವವರ ಹಕ್ಕನ್ನು ಪೂರೈಸುವ ತೌಫೀಕ್ ಕರುಣಿಸಲಿ. ಆಮೀನ್.